ಗುಂಡುಕಲ್ಲು ಯಾರ ಮನೆಯದು

ನಾಲ್ಕು ಬೀದಿ ಕೂಡುವಲ್ಲಿ, ಕಲ್ಲಿನ ನೀರುತೊಟ್ಟಿಯ ಎದುರಿಗೆ ರೊಟ್ಟಿಯಕ್ಕನ ಅಂಗಡಿ. ಮುಂದೆ ಮಾರುವ ಕಟ್ಟೆ, ಹಿಂದೆ ಭಟ್ಟಿ, ಅದರ ಪಕ್ಕದಲ್ಲಿ ಕತ್ತೆ ಸುತ್ತುವ ಬೀಸುಕಲ್ಲು. ಕತ್ತೆಯನ್ನು ಅವಳು ‘ಭಾವ’ ಅಂತ ಕರೆಯುತ್ತಿದ್ದಳು. ತೀರಿಹೋದ ಗಂಡನ ಅಣ್ಣನೂ ಹೀಗೇ, ದಿನವೆಲ್ಲ ಸುತ್ತಿ ಎಲ್ಲಿಗೂ ಹೋಗಿ ಮುಟ್ಟುತ್ತಿರಲಿಲ್ಲ ಅನ್ನುವುದು ಅವಳು ಕೊಡುತ್ತಿದ್ದ ಕಾರಣ. ಕೇಳಿದವರು ನಗುತ್ತಿದ್ದರು, ಅವಳು ಮಾತ್ರ ಮುಖದ ಗಂಟು ಸಡಿಲಿಸದೆ ರೊಟ್ಟಿ ಎಣಿಸಿ ಕೊಡುತ್ತಿದ್ದಳು.

ಕುಳ್ಳಗೆ, ಗಟ್ಟಿಮುಟ್ಟಾಗಿ ಇದ್ದ ಹೆಂಗಸು. ಮೊಣಕೈವರೆಗೆ ಭಟ್ಟಿಯ ಬಾಯಿ ಸುಟ್ಟ ಗುರುತುಗಳು. ಹುಟ್ಟಿದ್ದು ಗುಲಾಮಳಾಗಿ, ಎರಡು ಬೀದಿ ಆಚೆಗಿದ್ದ ಕಲ್ಲುವ್ಯಾಪಾರಿಯ ದೊಡ್ಡಮನೆಯಲ್ಲಿ. ಅರಮನೆಗಳಿಗೆ, ಸ್ನಾನದ ಮಂಟಪಗಳಿಗೆ ಅಮೃತಶಿಲೆ ತರಿಸಿಕೊಡುವ ಮನೆ ಅದು. ಆ ಮನೆಯ ಹಿರಿಯಮ್ಮ ಸಾಯುವಾಗ ಇವಳ ಕೈ ಹಿಡಿದುಕೊಂಡು, “ಇವಳನ್ನ ಬಿಟ್ಟುಬಿಡಿ, ನನ್ನ ಹೇಲುಚ್ಚೆ ಎತ್ತಿದ್ದಾಳೆ” ಅಂದಿದ್ದಳು. ಮಗ ತಾಯಿಯ ಮಾತು ಮೀರಲಿಲ್ಲ. ಹಾಗೆ ಬಿಡುಗಡೆಯಾಗಿ, ರೊಟ್ಟಿ ಸುಡುವವನೊಬ್ಬನನ್ನು ಮದುವೆಯಾಗಿ, ಅವನು ಜ್ವರದಲ್ಲಿ ಹೋದ ಮೇಲೆ ಅಂಗಡಿಯನ್ನು ಒಬ್ಬಳೇ ಎಳೆದುಕೊಂಡು ಬಂದಿದ್ದಳು.

ಆದರೆ ಹಿರಿಯಮ್ಮ ಹೆಸರು ಹೇಳಿದ್ದು ಒಬ್ಬಳದೇ. ರೊಟ್ಟಿಯಕ್ಕನ ತಂಗಿ ಆ ಮನೆಯಲ್ಲೇ ಉಳಿದಳು, ಯಜಮಾನಿಯ ತಲೆ ಬಾಚುವವಳಾಗಿ. ಬಿಟ್ಟುಕೊಡಿ ಅಂತ ಅಕ್ಕ ಎಷ್ಟು ಸಲ ಹೋಗಿ ಕೇಳಿದರೂ ಕಲ್ಲುವ್ಯಾಪಾರಿ “ನೋಡೋಣ” ಅನ್ನುತ್ತಿದ್ದ. ಕೆಟ್ಟವನಲ್ಲ. ಕೇಳಿದ್ದಕ್ಕೆಲ್ಲ ನೋಡೋಣ ಅನ್ನುವ ಜಾತಿಯವನು, ಅಷ್ಟೇ. ರೊಟ್ಟಿಯಕ್ಕ ಮಾತ್ರ ಹಿಡಿದದ್ದನ್ನು ಬಿಡುವ ಪೈಕಿ ಆಗಿರಲಿಲ್ಲ. “ನೀವು ನೋಡ್ತಾ ಇರಿ ಧಣಿ, ನಾನು ಬರ್ತಾ ಇರ್ತೀನಿ” ಅಂತ ಹೇಳಿ ಮುಂದಿನ ತಿಂಗಳು ಮತ್ತೆ ಹೋಗುತ್ತಿದ್ದಳು.

ಗಾಳಿ ಜೋರಾಗಿದ್ದ ಒಂದು ದಿನ, ಮಧ್ಯಾಹ್ನ ಇಳಿಯುವ ಹೊತ್ತಿಗೆ, ನೀರು ಹೊರುವವನು ಕೊಡಗಳನ್ನು ತೊಟ್ಟಿಯ ಹತ್ತಿರವೇ ಬಿಟ್ಟು ಅಂಗಡಿಗೆ ಓಡಿ ಬಂದ.

“ಅಕ್ಕ, ದೊಡ್ಡಮನೆ ಧಣಿ ಸತ್ತುಹೋದ್ರು. ಯಾರೋ ತಲೆ ಒಡೆದಿದಾರೆ. ಹಿತ್ತಲಲ್ಲಿ ಬಿದ್ದಿದ್ರಂತೆ. ಆಳುಗಳನ್ನೆಲ್ಲ ಕಟ್ಟಿ ಎಳ್ಕೊಂಡು ಹೋಗ್ತಿದಾರೆ.”

ರೊಟ್ಟಿಯಕ್ಕ ಹೆದರಿದ್ದು ತಂಗಿಗಾಗಿ. ಆ ಊರಿನ ಕಾನೂನು ಗುಲಾಮರ ಮನೆಯಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತಿರುತ್ತಿತ್ತು. ಯಜಮಾನ ತನ್ನ ಮನೆಯಲ್ಲೇ ಕೊಲೆಯಾಗಿ, ಕೊಂದವನು ಯಾರೆಂದು ತಿಳಿಯದೆ ಹೋದರೆ, ಆ ಸೂರಿನಡಿ ಇದ್ದ ಗುಲಾಮರೆಲ್ಲರಿಗೂ ಒಂದೇ ಶಿಕ್ಷೆ. ಕೊಂದದ್ದಕ್ಕಲ್ಲ, ಕೊಲ್ಲುವಾಗ ತಡೆಯಲಿಲ್ಲ ಅನ್ನುವುದಕ್ಕೆ. ಅಡುಗೆಯವನಿಂದ ಹಿಡಿದು ಕಸ ಗುಡಿಸುವವಳವರೆಗೆ ಒಬ್ಬರನ್ನೂ ಬಿಡುವಂತಿರಲಿಲ್ಲ.

ಭಟ್ಟಿಯಲ್ಲಿದ್ದ ರೊಟ್ಟಿ ಕರಕಾಗುತ್ತಿತ್ತು. ಅವಳು ಅದನ್ನು ತೆಗೆಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ದೊಡ್ಡಮನೆಗೆ ನಡೆದಳು.

ಮುಂಬಾಗಿಲಲ್ಲಿ ಸದಾ ಕೂತಿರುತ್ತಿದ್ದ ಬಾಗಿಲಜ್ಜನ ಜಾಗ ಖಾಲಿ. ಒಳಗೆ, ಹಜಾರದಲ್ಲಿ, ಸತ್ತವನ ತಮ್ಮ ನೆಲದ ಮೇಲೆ ಕೂತಿದ್ದ. ಕಣ್ಣುಗಳು ಕೆಂಡದಂತೆ ಆಗಿದ್ದವು. ಇವಳನ್ನು ನೋಡಿದವನೇ, “ನೀನ್ಯಾಕೆ ಬಂದೆ? ನಿನ್ನ ತಂಗೀನೂ ಅವರಲ್ಲಿ ಒಬ್ಬಳು” ಅಂದ.

“ಅವಳು ಇರುವೆ ತುಳಿದ್ರೂ ಅಳೋಳು ಧಣಿ.”

“ಅಣ್ಣನ ಪಕ್ಕದಲ್ಲಿ ಗುಂಡುಕಲ್ಲು ಬಿದ್ದಿತ್ತು. ಒರಳಲ್ಲಿ ಅರೆಯೋ ಗುಂಡುಕಲ್ಲು. ಅಡುಗೆಮನೆ ಸಾಮಾನು ಹೊರಗಿನೋರು ತರ್ತಾರಾ? ಅವನ ಕೈಯಿಂದ ಉಂಡ ನಾಯಿಗಳು.” ಮುಖ ಮುಚ್ಚಿಕೊಂಡ.

ಅವನು ಸುಳ್ಳು ಅಳುತ್ತಿಲ್ಲ ಅನ್ನುವುದು ರೊಟ್ಟಿಯಕ್ಕನಿಗೆ ಗೊತ್ತಾಯಿತು. ಅದರಿಂದ ಕೆಲಸ ಇನ್ನೂ ಕಷ್ಟವಾಯಿತು. ಆಸ್ತಿಗಾಗಿ ಕೊಂದ ತಮ್ಮನಾಗಿದ್ದರೆ ಅವನ ಬೆನ್ನು ಹತ್ತಬಹುದಿತ್ತು. ದುಃಖದಲ್ಲಿ ಕುರುಡಾದವನ ಹತ್ತಿರ ಏನು ವಾದ ಮಾಡುವುದು?

ಅಷ್ಟರಲ್ಲಿ ಒಳಬಾಗಿಲ ಪರದೆ ಸರಿಯಿತು. ಯಜಮಾನಿ ಕೈಸನ್ನೆ ಮಾಡಿ ಕರೆದಳು. ಬಿಚ್ಚಿದ ಕೂದಲು, ಒಂದು ಕಡೆ ಮಾತ್ರ ಹೆಣೆದದ್ದು. ಹೆಣೆಯುತ್ತಿದ್ದವಳನ್ನು ಅರ್ಧಕ್ಕೇ ಎಳೆದೊಯ್ದಿದ್ದರು.

“ನಿನ್ನ ತಂಗಿ ನನ್ನ ಹಿಂದೇನೇ ಕೂತಿದ್ಲು,” ಅಂದಳು ಪಿಸುದನಿಯಲ್ಲಿ. “ಹೇಳಿದೆ ಮೈದುನನಿಗೆ. ನಿಮಗೆ ಬಾಚೋಳು ಬೇಕು, ಅದಕ್ಕೇ ಹೇಳ್ತೀರಿ ಅಂದ. ಬಾ, ಹಿತ್ತಲು ನೋಡಬೇಕಾದ್ರೆ ಬೇಗ ನೋಡು.”

ಹಿತ್ತಲು ರೊಟ್ಟಿಯಕ್ಕ ಬೆಳೆದ ಜಾಗ. ಮೂರು ಕಡೆ ಮನೆಯ ಗೋಡೆ, ನಾಲ್ಕನೆಯ ಕಡೆ ಪಕ್ಕದ ವಠಾರದ ಬೆನ್ನು. ಒಂದರ ಮೇಲೊಂದು ಅಟ್ಟಿ ಕಟ್ಟಿದ ಮಾಳಿಗೆಗಳು, ಕತ್ತೆತ್ತಿ ನೋಡಿದರೆ ಆಕಾಶ ಒಂದು ಚೂರು ಕಾಣುವಷ್ಟು ಎತ್ತರ. ಆ ಗೋಡೆಯ ಬುಡದ ನೆರಳಿನಲ್ಲಿ ಕಲ್ಲುಬೆಂಚು. ಊಟವಾದ ಮೇಲೆ ವ್ಯಾಪಾರಿ ಅಲ್ಲಿ ಒಬ್ಬನೇ ಕೂರುತ್ತಿದ್ದ, ಆ ಹೊತ್ತಿಗೆ ಹಿತ್ತಲಿಗೆ ಯಾರೂ ಕಾಲಿಡುವ ಹಾಗಿರಲಿಲ್ಲ. ಬೆಂಚಿನ ಮುಂದೆ ನೆಲದಲ್ಲಿ ರಕ್ತದ ಕಲೆ ಒಣಗಿತ್ತು.

ರೊಟ್ಟಿಯಕ್ಕ ಮೇಲೆ ನೋಡಿದಳು. ಸಾಲಾಗಿ ಕಿಟಕಿಗಳು. ಎಲ್ಲಕ್ಕೂ ಹಲಗೆಯ ಕದ, ಕದಕ್ಕೆ ಅಡ್ಡಪಟ್ಟಿ, ಪಟ್ಟಿಗೆ ಮೊಳೆ.

“ಅವರೇ ಮುಚ್ಚಿಸಿದ್ದು,” ಅಂದಳು ಯಜಮಾನಿ. “ಮೇಲಿನೋರು ಇಣುಕಿ ನೋಡ್ತಾರೆ, ಮುಸುರೆ ಚೆಲ್ತಾರೆ ಅಂತ ನ್ಯಾಯಸ್ಥಾನಕ್ಕೆ ಹೋಗಿ ಎಲ್ಲಾ ಕಿಟಕಿಗೂ ಮೊಳೆ ಹೊಡೆಸಿದ್ರು. ಅಲ್ಲಿಂದ ಒಂದು ನೊಣವೂ ಬರೋ ಹಾಗಿಲ್ಲ.”

ನ್ಯಾಯಾಧಿಕಾರಿಯ ಭಟರೂ ಹೀಗೇ ಕತ್ತೆತ್ತಿ, ಮೊಳೆ ನೋಡಿ, ಕತ್ತಿಳಿಸಿದ್ದರು.

ಮರುದಿನ ರೊಟ್ಟಿಯಕ್ಕ ಬುಟ್ಟಿ ತುಂಬ ರೊಟ್ಟಿ ಹೊತ್ತು ಬಂದೀಖಾನೆಗೆ ಹೋದಳು. ಕಾವಲಿನವನಿಗೂ ಎರಡು ಕೊಟ್ಟಳು, ಬಿಸಿಯಾಗಿದ್ದವು, ಅವನು ಬೇಡ ಅನ್ನಲಿಲ್ಲ. ಸರಳುಗಳ ಆಚೆ ತಂಗಿ ಕೂತಿದ್ದಳು. ಬಲಗೈಯನ್ನು ಎಡಗೈಯಲ್ಲಿ ಮುಚ್ಚಿಟ್ಟುಕೊಂಡಿದ್ದಳು.

“ಕೈ ತೋರ್ಸು.”

“ಬೇಡಕ್ಕ.”

“ತೋರ್ಸೇ.”

ಬೆರಳುಗಳು ಊದಿ ಬೇರೆ ಬೇರೆ ದಿಕ್ಕಿಗೆ ತಿರುಗಿಕೊಂಡಿದ್ದವು. ಗುಲಾಮರ ಮಾತು ನೋವು ಕೊಟ್ಟು ಹೊರಡಿಸಿದರೆ ಮಾತ್ರ ಸಾಕ್ಷಿ ಅನ್ನುವುದು ಆ ಕಾಲದ ನಂಬಿಕೆ. ರೊಟ್ಟಿಯಕ್ಕ ಅಳಲಿಲ್ಲ. ರೊಟ್ಟಿ ಮುರಿದು, ನೀರಲ್ಲಿ ಅದ್ದಿ, ಸರಳಿನ ಸಂದಿಯಿಂದ ತಂಗಿಯ ಬಾಯಿಗಿಟ್ಟಳು.

“ಏನು ಹೇಳಿದೆ ಅವರಿಗೆ?”

“ಇದ್ದದ್ದು ಹೇಳಿದೆ. ಅಮ್ಮಾವ್ರ ಜಡೆ ಹಾಕ್ತಿದ್ದೆ ಅಂತ. ಬೇರೇದು ಹೇಳು ಅಂತಾರೆ. ಬೇರೆ ಏನು ಹೇಳ್ಲಿ, ಗೊತ್ತಿಲ್ವಲ್ಲ.”

ಹಿಂದಿನಿಂದ ಅಡುಗೆಯವನು ತೆವಳಿಕೊಂಡು ಮುಂದೆ ಬಂದ. “ಅಕ್ಕ, ಆ ಗುಂಡುಕಲ್ಲು ನಮ್ಮದಲ್ಲ. ನಮ್ಮದು ನಮ್ಮ ಒರಳಲ್ಲೇ ಇದೆ, ಹೋಗಿ ನೋಡಿ ಅಂತ ಬಾಯಿ ಬಡ್ಕೊಂಡೆ. ಒಂದು ಮನೇಲಿ ಎರಡು ಇರಬಾರ್ದಾ ಅಂತಾರೆ. ಆ ಕಲ್ಲಿಗೆ ಕೆಂಪು ಹತ್ತಿದೆ. ರಕ್ತ ಅಲ್ಲ, ಹಳೇದು, ಕಲ್ಲಿನ ಒಳಕ್ಕೇ ಇಳಿದಿರೋ ಕೆಂಪು. ನಾನು ಕೆಂಪು ಅರೆಯೋದು ಯಾತಕ್ಕೆ?”

ಮೂಲೆಯಲ್ಲಿ ಬಾಗಿಲಜ್ಜ ಮಲಗಿದ್ದ. ಅವನಿಗೆ ಕೊಟ್ಟ ರೊಟ್ಟಿ ಎದೆಯ ಮೇಲೆ ಹಾಗೇ ಇತ್ತು. “ಬಾಗಿಲಿಂದ ಯಾರೂ ಬರಲಿಲ್ಲಮ್ಮ,” ಅಂದ ಕ್ಷೀಣವಾಗಿ. “ಬಂದಿದ್ರು ಅಂದ್ಬಿಡು, ಎಲ್ರೂ ಉಳೀತಾರೆ ಅಂತ ಇವರು ಹೇಳ್ತಾರೆ. ಬರದೇ ಇದ್ದೋರನ್ನ ಎಲ್ಲಿಂದ ತರ್ಲಿ? ಯಾರದೋ ಹೆಸರು ಹೇಳಿದ್ರೆ ಅವನ ತಲೆ ಹೋಗುತ್ತೆ.”

ರಾಜಧಾನಿಯ ದೊಡ್ಡ ಅಧಿಕಾರಿಯ ಮುದ್ರೆ ಬರುವುದೊಂದೇ ಬಾಕಿ, ಬಂದ ಕೂಡಲೇ ಶಿಕ್ಷೆ ಅಂತ ಕಾವಲಿನವನು ರೊಟ್ಟಿ ಅಗಿಯುತ್ತಾ ಹೇಳಿದ.

ದಾರಿಯುದ್ದಕ್ಕೂ ರೊಟ್ಟಿಯಕ್ಕ ಯೋಚಿಸಿದಳು. ಬಾಗಿಲಿಂದ ಯಾರೂ ಬಂದಿಲ್ಲ. ಕಲ್ಲು ಮನೆಯದಲ್ಲ. ಹಾಗಾದರೆ ಅದು ನಡೆದು ಬಂದಿಲ್ಲ, ಮೇಲಿಂದ ಬಂದಿದೆ. ಮೊಳೆ ಹೊಡೆದಿದ್ದರೂ ಸರಿ, ಮೇಲಿಂದಲೇ ಬಂದಿದೆ. ಬೇರೆ ದಾರಿಯೇ ಇಲ್ಲ.

ವಠಾರದ ಬಾಗಿಲಲ್ಲಿ ಕಾರಭಾರಿ ಕೂತಿರುತ್ತಿದ್ದ. ಬಾಡಿಗೆ ವಸೂಲಿ, ಜಗಳ ಬಿಡಿಸುವುದು, ಜಗಳ ಹಚ್ಚುವುದು ಎಲ್ಲ ಅವನದೇ. ವಠಾರದ ಧಣಿ ಎಲ್ಲೋ ದೂರದ ತೋಟದಲ್ಲಿ ಇರುತ್ತಿದ್ದುದರಿಂದ ಇಲ್ಲಿ ಇವನೇ ರಾಜ. ರೊಟ್ಟಿಯಕ್ಕ ಏನೂ ಕೇಳಲಿಲ್ಲ. ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು, “ರೊಟ್ಟಿ, ಬಿಸಿ ರೊಟ್ಟಿ” ಅಂತ ಕೂಗುತ್ತಾ ಮೆಟ್ಟಿಲು ಹತ್ತಿದಳು. ಕೊಲೆಯ ಮಾತು ಎತ್ತಿದವರಿಗೆ ಬಾಗಿಲು ಮುಚ್ಚಬಹುದು, ರೊಟ್ಟಿಯ ವಾಸನೆಗೆ ಮುಚ್ಚುವುದು ಕಷ್ಟ.

ಕೆಳಗಿನ ಮಾಳಿಗೆಯಲ್ಲಿ ಚಪ್ಪಲಿ ಹೊಲಿಯುವವನು, ಅದರ ಮೇಲೆ ಇಬ್ಬರು ಹೆಂಡಿರ ಜೊತೆ ಒಂದೇ ಕೋಣೆಯಲ್ಲಿದ್ದ ಹಮಾಲಿ. ಅವನ ಮನೆಯಲ್ಲಿ ಕಿಟಕಿ ಇದ್ದರೂ ಇಲ್ಲದಿದ್ದರೂ ಉಸಿರಾಡಲು ಆಗುವಂತಿರಲಿಲ್ಲ. ಎಲ್ಲ ಕಡೆ ಹಿತ್ತಲಿನ ಕಿಟಕಿ ಹಳೇ ಮೊಳೆಯಲ್ಲಿ ಬಿಗಿದು, ಮೇಲೆ ಜೇಡರ ಬಲೆ ಕಟ್ಟಿತ್ತು. ಕೊಲೆಯ ದಿನ ಏನಾದರೂ ಕೇಳಿಸಿತಾ ಅಂದರೆ ಜನ ತುಟಿ ಹೊಲಿದುಕೊಂಡವರ ಹಾಗೆ ರೊಟ್ಟಿ ಇಸಿದುಕೊಂಡು ಒಳಗೆ ಹೋಗುತ್ತಿದ್ದರು.

ಸೂರಿನ ಕೆಳಗಿನ ಕೊನೆಯ ಕೋಣೆಯಲ್ಲಿ ಒಬ್ಬ ನೇಕಾರ ಹೆಂಗಸು. ಗಂಡ ಹಡಗಿನಲ್ಲಿ ಹೋದವನು ತಿರುಗಿ ಬಂದಿರಲಿಲ್ಲ. ಹಾಸಿಗೆ ಹಿಡಿದ ಕುರುಡು ಅತ್ತೆಯನ್ನು ನೋಡಿಕೊಂಡು, ಅಂಗಡಿಗಳಿಗೆ ಬಟ್ಟೆ ನೇಯ್ದು ಕೊಡುತ್ತಿದ್ದಳು. ರೊಟ್ಟಿಯಕ್ಕ ಒಳಗೆ ಕಾಲಿಟ್ಟಾಗ ಹೊರಗೆ ಸುಡುಬಿಸಿಲು, ಒಳಗೆ ಮಗ್ಗದ ಪಕ್ಕ ಎಣ್ಣೆದೀಪ ಉರಿಯುತ್ತಿತ್ತು.

“ಹಗಲಲ್ಲಿ ದೀಪ ಹಚ್ಕೊಂಡು ನೇಯ್ತೀಯಲ್ಲ ತಾಯಿ, ಕಣ್ಣು ಹೋಗಲ್ವಾ?”

“ಕೋಣೆ ಕತ್ತಲೆ.”

ಮಗ್ಗದ ಮೇಲಿನ ಬಟ್ಟೆಯ ಮೇಲೆ ರೊಟ್ಟಿಯಕ್ಕನ ಕಣ್ಣು ಬಿತ್ತು. ಮೊದಲು ನೇಯ್ದ ಭಾಗ ಕೆನ್ನೆಯ ಹಾಗೆ ನುಣುಪಾಗಿತ್ತು. ಮೇಲಕ್ಕೆ ಬರುತ್ತಾ ಒಮ್ಮೆಲೇ ಎಳೆ ತಪ್ಪಿ, ಅಂಚು ಸೊಟ್ಟಗೆ ಓಡಿ, ಬೇರೆ ಯಾರೋ ನೇಯ್ದ ಹಾಗೆ ಆಗಿತ್ತು. ಗೋಡೆಯ ಬದಿಗೆ ಹಣಿಗೆ, ನೂಲಿನ ಉಂಡೆಗಳು, ಕೆಂಪು ಬಣ್ಣ ತೆಗೆಯುವ ಬೇರಿನ ಒಂದು ಕಟ್ಟು.

“ಯಾರೇ ಅದು?” ಅಂತು ಹಾಸಿಗೆಯಿಂದ ಮುದುಕಿಯ ದನಿ. “ರೊಟ್ಟಿಯವಳಾ? ನೋಡಮ್ಮ, ನೀನಾದ್ರೂ ಹೇಳು ಇವಳಿಗೆ. ಮೊನ್ನೆ ಮೊನ್ನೆವರೆಗೂ ಮುಖಕ್ಕೆ ತಣ್ಣಗೆ ಗಾಳಿ ಬರ್ತಿತ್ತು. ಈಗ ಕಿಟಕಿ ತೆಗಿ ಅಂದ್ರೆ ತೆಗೆಯಲ್ಲ. ನನ್ನನ್ನ ಬೇಯಿಸಿ ಸಾಯಿಸ್ತಾಳಂತೆ.”

ಸೊಸೆಯ ಕೈಯಲ್ಲಿದ್ದ ಲಾಳಿ ನೆಲಕ್ಕೆ ಬಿತ್ತು.

“ಅತ್ತೆಗೆ ಅರಳುಮರಳು,” ಅಂದಳು. ಅವಳ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. “ರೊಟ್ಟಿ ಬೇಡ ನಮಗೆ. ಹೋಗಿ.”

ರೊಟ್ಟಿಯಕ್ಕ ಹೋದಳು. ಆದರೆ ಮುದುಕಿಯ ಕೈಗೆ ಒಂದು ರೊಟ್ಟಿ ಇಟ್ಟು ಹೋದಳು.

ಸಿಕ್ಕಿತು, ಓಡಿ ಹೋಗಿ ಹೇಳಿಬಿಡೋಣ ಅಂತ ಮೊದಲು ಅನ್ನಿಸಿತು. ಓಡಿದಳು ಕೂಡ. ನ್ಯಾಯಸ್ಥಾನದ ಕಟ್ಟೆಯಲ್ಲಿ ಗುಮಾಸ್ತ ಇವಳ ಮಾತು ಪೂರ್ತಿ ಕೇಳಿ ತಲೆಯಾಡಿಸಿದ.

“ಮುದುಕಿ ಗಾಳಿ ಅಂದ್ಲು, ನೀನು ದೀಪ ಅಂತೀಯ. ಅದರ ಮೇಲೆ ಯಾರೂ ತೀರ್ಪು ಬದಲಾಯಿಸಲ್ಲಮ್ಮ. ನಾವು ಭಟರನ್ನ ಕಳಿಸಿದ್ರೆ ಅವಳು ಇಲ್ಲ ಅಂತಾಳೆ. ಕಾರಭಾರಿ ಇಲ್ಲ ಅಂತಾನೆ. ಮುಗೀತು. ಅವಳಾಗೇ ಬಂದು ಹೇಳಿದ್ರೆ ಅದು ಬೇರೆ. ಅವಳು ಗುಲಾಮಳಲ್ಲ, ಅವಳ ಮಾತಿಗೆ ತೂಕ ಇದೆ.”

“ಹೇಳಿದ್ರೆ ಅವಳಿಗೇನು ಶಿಕ್ಷೆ?”

“ಬೇಕೂಂತ ಎತ್ತಿ ಹಾಕಿದ್ರೆ ತಲೆ ಹೋಗುತ್ತೆ. ಕೈತಪ್ಪಿ ಬಿದ್ದದ್ದಾದ್ರೆ ದಂಡ. ಕಟ್ಟಡದವರದೇ ತಪ್ಪು ಅಂತ ಕಂಡುಬಂದ್ರೆ ಅದನ್ನೂ ಅವರೇ ಕಟ್ಟಬೇಕು.”

“ಖಾತ್ರಿಯಾ ಸ್ವಾಮಿ?”

“ಬರೆದಿರೋದು ಹಾಗೆ,” ಅಂದ ಗುಮಾಸ್ತ. ಆಮೇಲೆ ಪಾಪ ಅನ್ನಿಸಿತೇನೋ, “ನಡೆಯೋದು ಹೇಗೋ ನಾನು ಹೇಳಲಾರೆ” ಅಂತ ಸೇರಿಸಿದ.

ಆ ಸಂಜೆ ಹಿಟ್ಟು ನಾದುವಾಗ ರೊಟ್ಟಿಯಕ್ಕನ ಕೈ ನಡುನಡುವೆ ನಿಂತುಹೋಗುತ್ತಿತ್ತು. ತನ್ನ ತಂಗಿಯನ್ನು ಉಳಿಸಲು ಇನ್ಯಾರದೋ ಮನೆಯ ಹೆಣ್ಣುಮಗಳನ್ನು ಎಳೆದು ತಂದು ಅಲ್ಲಿ ನಿಲ್ಲಿಸುವುದೆಂದರೆ ಎಂಥ ಕೆಲಸ? ಆ ಮುದುಕಿಗೆ ಯಾರು ದಿಕ್ಕು? ಆದರೆ ಸರಳಿನ ಆಚೆಗಿದ್ದ ಮುಖಗಳು ಒಂದೊಂದಾಗಿ ಕಣ್ಣಿಗೆ ಕಟ್ಟುತ್ತಿದ್ದವು. ಹಿಟ್ಟನ್ನು ಎತ್ತಿ ಹಲಗೆಗೆ ಬಡಿದಳು. ಎಳೆದು ತರುವುದು ಬೇಡ, ಕೇಳುವುದು. ಒಪ್ಪುವವರೆಗೆ ಕೇಳುವುದು. ಕೇಳುವುದರಲ್ಲಿ ಅವಳಿಗೆ ವರ್ಷಗಳ ಅಭ್ಯಾಸವಿತ್ತು.

ಮರುದಿನ ಹೋದಳು. ನೇಕಾರಳು ಬಾಗಿಲು ತೆಗೆಯಲಿಲ್ಲ. ಹೊರಗೇ ಕೂತಳು. ಅದರ ಮರುದಿನ ಹೋದಾಗ ಮುದುಕಿಯೇ ಒಳಗಿಂದ ಗದರಿದಳು, “ರೊಟ್ಟಿ ತಂದಿದಾಳೆ, ತೆಗೆಯೇ ಬಾಗಿಲು.” ತೆಗೆದಳು. ರೊಟ್ಟಿಯಕ್ಕ ಕೊಲೆಯ ಸುದ್ದಿ ಎತ್ತದೆ ಮುದುಕಿಯ ಕೂದಲು ಬಿಡಿಸಿದಳು, ಮಗ್ಗುಲು ಬದಲಿಸಿದಳು, ಕೆಳಗಿನ ತೊಟ್ಟಿಯಿಂದ ನೀರು ಹೊತ್ತು ತಂದಳು. ಕೆಳಗಿಳಿಯುವಾಗ ಕಾರಭಾರಿ ಅಡ್ಡ ನಿಂತು, “ಏನು, ಈ ನಡುವೆ ಮೇಲಿನ ಮಾಳಿಗೆಗೆ ಹಸಿವು ಜಾಸ್ತಿ ಆದ ಹಾಗಿದೆ?” ಅಂದ.

“ನಿಮ್ಮ ಮೆಟ್ಟಿಲು ಹತ್ತಿದ್ರೆ ಯಾರಿಗೂ ಹಸಿವಾಗುತ್ತೆ,” ಅಂದು ದಾಟಿ ಹೋದಳು.

ಇನ್ನೊಂದು ದಿನ ಅವಳು ಹೋದದ್ದು ಖಾಲಿ ಬುಟ್ಟಿ ಹಿಡಿದು. ಬಂದೀಖಾನೆಯಿಂದ ನೇರ ಬಂದಿದ್ದಳು. ನೆಲದ ಮೇಲೆ ಕೂತು ಹೇಳಿದಳು.

“ಬಾಗಿಲಜ್ಜ ಹೋಗಿಬಿಟ್ಟ. ಬೆಳಿಗ್ಗೆ. ಯಾರದ್ದಾದ್ರೂ ಹೆಸರು ಹೇಳು ಅಂತ ಕೊನೇವರೆಗೂ ಹೊಡೆದ್ರಂತೆ. ಹೇಳಲಿಲ್ಲ.”

ನೇಕಾರಳು ಮಗ್ಗದ ಕಡೆಗೆ ಮುಖ ಮಾಡಿ ನಿಂತಿದ್ದಳು.

“ಕುಂಟ್ತಾ ಬಂದು ಗಿಡಕ್ಕೆ ನೀರು ಹಾಕ್ತಿದ್ದೋರಾ? ತಲೆಗೆ ಹಸಿರು ಬಟ್ಟೆ ಸುತ್ಕೊಳ್ತಿದ್ದೋರು?”

“ಹೂಂ.”

“ನಾನು ಮೇಲಿಂದ ನೋಡಿದೀನಿ. ಎಲ್ಲರನ್ನೂ ನೋಡಿದೀನಿ.” ಈಗ ಇತ್ತ ತಿರುಗಿದಳು. “ಜಡೆ ಹಾಕೋಳು ನಿಮ್ಮ ತಂಗಿನಾ? ಬಾಚಣಿಗೆ ತೊಳೆದು ಬಿಸಿಲಿಗಿಡ್ತಾ ಹಾಡ್ಕೋತಾಳೆ. ಆ ಹಾಡು ಕೇಳ್ತಾ ನಾನು ನೇಯ್ತಿದ್ದೆ.”

ಆಮೇಲೆ ಎಲ್ಲ ಹೊರಗೆ ಬಂತು. ಬೆಳಕಿಲ್ಲದೆ ನೇಯಲು ಆಗುವುದಿಲ್ಲ ಅಂತ ಕಾರಭಾರಿಯನ್ನು ಬೇಡಿಕೊಂಡಿದ್ದಳು. ಅವನು ತನಗೆ ಪ್ರತಿ ತಿಂಗಳೂ ಗುಟ್ಟಾಗಿ ಏನಾದರೂ ಕೊಡಬೇಕು ಅನ್ನುವ ಒಪ್ಪಂದದ ಮೇಲೆ ಮೊಳೆ ಕಿತ್ತು ಕಿಟಕಿ ಬಿಟ್ಟುಕೊಟ್ಟಿದ್ದ. ಬಣ್ಣದ ಬೇರು ಅರೆಯುವ ಒರಳಿನ ಗುಂಡುಕಲ್ಲನ್ನು ಕದ ಬಡಿಯದ ಹಾಗೆ ಕಿಟಕಿಯ ಅಂಚಿನಲ್ಲಿ ಒತ್ತಾಗಿ ಇಡುತ್ತಿದ್ದಳು. ಆ ದಿನ ಗಾಳಿ ಎದ್ದಿತ್ತು. ಇವಳು ಅತ್ತೆಗೆ ನೀರು ಕುಡಿಸುತ್ತಿದ್ದಾಗ ಕದ ರಪ್ಪೆಂದು ಬಡಿಯಿತು. ತಿರುಗಿ ನೋಡಿದರೆ ಕಲ್ಲಿಲ್ಲ. ಇಣುಕಿದರೆ ಕೆಳಗೆ ಆ ಮನುಷ್ಯ. ಇವಳ ಕೂಗು ಕೇಳಿ ಓಡಿ ಬಂದ ಕಾರಭಾರಿ ಬಾಯಿ ಮುಚ್ಚಿ ಹಿಡಿದು, ಕದ ಎಳೆದು, ಸಂದಿಯಿಂದ ಹೊರಕ್ಕೆ ಕೈ ಚಾಚಿ ಪಟ್ಟಿ ಕೂರಿಸಿ ಹೊಸ ಮೊಳೆ ಹೊಡೆದುಬಿಟ್ಟ. ಬಾಯಿ ಬಿಟ್ಟರೆ ಗಲ್ಲಿಗೇರುವುದು ನೀನು, ಬೀದಿಯಲ್ಲಿ ಸಾಯುವುದು ನಿನ್ನ ಅತ್ತೆ ಅಂದ.

“ಗಲ್ಲಿಲ್ಲ,” ಅಂದಳು ರೊಟ್ಟಿಯಕ್ಕ. “ಕೈತಪ್ಪಿದ್ದಕ್ಕೆ ದಂಡ ಅಷ್ಟೇ. ಕೇಳ್ಕೊಂಡು ಬಂದಿದೀನಿ.”

“ಕಾನೂನು ನಮ್ಮಂಥೋರ ಹತ್ರ ಬರೋ ಹೊತ್ತಿಗೆ ಬೇರೆ ಮುಖ ಹಾಕ್ಕೊಂಡಿರುತ್ತೆ ಅಕ್ಕ.”

ರೊಟ್ಟಿಯಕ್ಕ ಸುಳ್ಳು ಹೇಳಬಹುದಿತ್ತು. ಏನೂ ಆಗಲ್ಲ, ನಾನಿದೀನಿ ಅಂತ ತಲೆ ಸವರಬಹುದಿತ್ತು. ಹೇಳಲಿಲ್ಲ.

“ಆಗಬಹುದು. ಅಲ್ಲಿ ಏನಾಗುತ್ತೋ ನನಗೂ ಗೊತ್ತಿಲ್ಲ. ನಿನ್ನ ಪಕ್ಕದಲ್ಲಿ ನಾನು ನಿಂತಿರ್ತೀನಿ. ನಿನಗೆ ಏನಾದ್ರೂ ಆದ್ರೆ ನಿನ್ನ ಅತ್ತೆ ನನ್ನ ಮನೇಲಿ ಇರ್ತಾರೆ. ಇಷ್ಟು ಮಾತ್ರ ನನ್ನ ಕೈಲಿರೋದು.”

“ಕರ್ಕೊಂಡು ಹೋಗೇ,” ಅಂದಳು ಮುದುಕಿ ಹಾಸಿಗೆಯಿಂದ. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ಅಷ್ಟು ಜನರ ಹೆಣ ಮಾಡಿ ನನ್ನನ್ನ ಸಾಕಬೇಡ ನೀನು. ಹೋಗಿ ಹೇಳು.”

ನೇಕಾರಳು ಮಗ್ಗದ ಹಿಂದೆ ಗೋಣಿತಟ್ಟು ಸರಿಸಿದಳು. ಅಲ್ಲಿತ್ತು ಒರಳು, ಹೊಟ್ಟೆಯೆಲ್ಲ ಕೆಂಪಾಗಿ. ಅದನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು. ಮಗುವನ್ನು ಎತ್ತಿಕೊಳ್ಳುವ ಹಾಗೆ.

ಕೆಳಗಿನ ಮೆಟ್ಟಿಲಲ್ಲಿ ಕಾರಭಾರಿ ಕಾಲು ಚಾಚಿ ಕೂತಿದ್ದ. ಒರಳು ಕಂಡದ್ದೇ ಎದ್ದು ನಿಂತು ದಾರಿಗೆ ಕೈ ಅಡ್ಡ ಹಾಕಿದ.

“ಎಲ್ಲಿಗೆ?”

“ಅರೆಸ್ಕೊಂಡು ಬರೋಕೆ,” ಅಂದಳು ರೊಟ್ಟಿಯಕ್ಕ. “ಕೈ ತೆಗೀರಿ.”

“ತೆಗೆಯದಿದ್ರೆ?”

ಅವಳು ತನ್ನ ಕೈ ತೆಗೆದು ಅವನ ಎದೆಗಿಟ್ಟಳು. ವರ್ಷಗಟ್ಟಲೆ ಹಿಟ್ಟು ನಾದಿದ ಕೈ. ದೂಡಿದ್ದು ಜೋರಾಗಿಯೇನಲ್ಲ, ಆದರೆ ಅವನು ಗೋಡೆಗೆ ಆತುಕೊಂಡ. ಚಪ್ಪಲಿ ಹೊಲಿಯುವವನು ಬಾಗಿಲಿಗೆ ಬಂದು ನೋಡುತ್ತಿದ್ದ. ಹಮಾಲಿಯೂ, ಅವನ ಇಬ್ಬರು ಹೆಂಡಿರೂ ಮೆಟ್ಟಿಲಿಗೆ ಇಳಿದಿದ್ದರು. ಯಾರೂ ಒಳಗೆ ಹೋಗಲಿಲ್ಲ. ಅಷ್ಟು ಕಣ್ಣುಗಳ ಮುಂದೆ ಕಾರಭಾರಿ ಮತ್ತೆ ಕೈ ಎತ್ತಲಿಲ್ಲ.

ನ್ಯಾಯಾಧಿಕಾರಿ ನಡುವಯಸ್ಸಿನ, ಬೆನ್ನುನೋವಿನ ಮನುಷ್ಯ. ದಿಂಬಿಗೆ ಒರಗಿ ಕೂತಿದ್ದ. ಎದುರಿಗೆ ಸತ್ತವನ ತಮ್ಮ. ನೇಕಾರಳು ಒರಳನ್ನು ನೆಲಕ್ಕಿಟ್ಟು, ಒಂದು ಮಾತನ್ನೂ ನುಂಗದೆ, ನಡೆದದ್ದನ್ನು ಹೇಳಿದಳು. ರೊಟ್ಟಿಯಕ್ಕ ಅವಳ ಪಕ್ಕದಲ್ಲಿ ಮೈಗೆ ಮೈ ತಾಗುವ ಹಾಗೆ ನಿಂತಿದ್ದಳು.

ಕಾರಭಾರಿಯನ್ನು ಕರೆಸಿದರು. “ಆ ಕಿಟಕಿ ವರ್ಷಗಳಿಂದ ಮುಚ್ಚೇ ಇದೆ ಸ್ವಾಮಿ. ಈ ರೊಟ್ಟಿಯವಳು ದಿನಾ ಹೋಗಿ ಹೋಗಿ ಅವಳ ತಲೆ ಕೆಡಿಸಿದಾಳೆ” ಅಂದ.

“ಆ ಕಲ್ಲು ತನ್ನಿ” ಅಂದ ನ್ಯಾಯಾಧಿಕಾರಿ.

ಭಟ ಗುಂಡುಕಲ್ಲು ತಂದ. ನ್ಯಾಯಾಧಿಕಾರಿ ಎದ್ದು, ಸೊಂಟ ಹಿಡಿದುಕೊಂಡು ಬಗ್ಗಿ, ಅದನ್ನು ತಾನೇ ಒರಳಿಗಿಟ್ಟು ತಿರುಗಿಸಿದ. ಬಹಳ ಕಾಲ ಜೊತೆಗೆ ಸವೆದ ಕಲ್ಲುಗಳು. ಸದ್ದಿಲ್ಲದೆ ಕೂತುಕೊಂಡು, ನುಣ್ಣಗೆ ತಿರುಗಿದವು. ಒಂದರ ಕೆಂಪು ಎಲ್ಲಿ ಮುಗಿಯಿತೋ ಇನ್ನೊಂದರ ಕೆಂಪು ಅಲ್ಲಿಂದ ಶುರುವಾಗಿತ್ತು. ಅವನು ಸುಮ್ಮನೆ ಕೂರಲಿಲ್ಲ. ಪಲ್ಲಕ್ಕಿ ತರಿಸಿ ವಠಾರಕ್ಕೆ ಹೋದ, ಬೆನ್ನುನೋವನ್ನು ಬೈದುಕೊಳ್ಳುತ್ತಾ ಅಷ್ಟೂ ಮೆಟ್ಟಿಲು ಹತ್ತಿದ, ಆ ಕಿಟಕಿಯ ಮೊಳೆಗಳನ್ನು ಕೀಳಿಸಿದ. ಬೇರೆ ಕಿಟಕಿಗಳ ಮೊಳೆ ತುಕ್ಕು ತಿಂದು ಪುಡಿಯಾಗುತ್ತಿದ್ದವು. ಇವು ಹೊಳೆಯುತ್ತಿದ್ದವು. ಕದ ತೆಗೆದಾಗ ಗಾಳಿ ನುಗ್ಗಿತು, ಮುದುಕಿ “ಅಬ್ಬ” ಅಂತ ನಿಟ್ಟುಸಿರು ಬಿಟ್ಟಳು. ಕೆಳಗೆ ನೇರಕ್ಕೆ ಕಲ್ಲುಬೆಂಚು ಕಾಣುತ್ತಿತ್ತು.

ಸತ್ತವನ ತಮ್ಮನೂ ಹತ್ತಿ ಬಂದಿದ್ದ. ಕಿಟಕಿಯಿಂದ ಬಗ್ಗಿ ನೋಡಿ, ಹಾಗೇ ಗೋಡೆಗೊರಗಿ ಕುಸಿದ.

“ಗಾಳಿಯಾ?” ಅಂದ. “ಬರೀ ಗಾಳಿಯಾ?”

ರೊಟ್ಟಿಯಕ್ಕನಿಗೆ ಅವನ ಮೇಲೆ ಎಷ್ಟೋ ಸಿಟ್ಟಿತ್ತು. ಆದರೂ ಮೂಲೆಯ ಮಡಕೆಯಿಂದ ನೀರು ಬಗ್ಗಿಸಿ ಅವನ ಮುಂದಿಟ್ಟಳು.

ಆಳುಗಳನ್ನು ಬಿಟ್ಟರು. ಮರಣದಂಡನೆಗೆ ಒಪ್ಪಿಗೆಯ ಮುದ್ರೆ ಅದಾದ ಮೇಲೆ ಬಂತು, ಗುಮಾಸ್ತ ಅದನ್ನು ಹಾಗೇ ವಾಪಸು ಕಳಿಸಿದ. ದಂಡವನ್ನು ವಠಾರದ ಧಣಿಯ ತಲೆಗೆ ಕಟ್ಟಿದರು, ಕಾರಭಾರಿಯನ್ನು ಸುಳ್ಳುಸಾಕ್ಷಿಗಾಗಿ ಕಲ್ಲುಗಣಿಗೆ ಕಳಿಸಿದರು. ನೇಕಾರಳ ತಲೆ ಉಳಿಯಿತು, ಕೋಣೆ ಉಳಿಯಲಿಲ್ಲ. ಹೊಸ ಕಾರಭಾರಿ ಬಂದ ವಾರದಲ್ಲೇ ಅವಳ ಮಗ್ಗವನ್ನು ಬೀದಿಗಿಟ್ಟ. ರೊಟ್ಟಿಯಕ್ಕ ಕತ್ತೆಯ ಬೆನ್ನಿಗೆ ಮಗ್ಗದ ಮರಗಳನ್ನು ಕಟ್ಟಿ, ಮುದುಕಿಯನ್ನು ತಾನೇ ಬೆನ್ನಿಗೆ ಹಾಕಿಕೊಂಡು, ಅಂಗಡಿಯ ಮೇಲಿನ ಕೋಣೆಗೆ ಕರೆತಂದಳು. ಆ ಕೋಣೆಗೆ ಬೀದಿಯ ಕಡೆ ದೊಡ್ಡ ಕಿಟಕಿ. ಅದರ ಅಂಚಿನ ಮೇಲೆ ಒಂದು ಸೂಜಿಯನ್ನೂ ಇಡಕೂಡದು ಅಂತ ಮೊದಲ ದಿನವೇ ಕಟ್ಟಪ್ಪಣೆಯಾಯಿತು, ಅದನ್ನು ಮಾಡಿದ್ದು ಮುದುಕಿ.

ತಂಗಿ ಬಂದದ್ದು ಮಾತ್ರ ನೇರ ದಾರಿಯಿಂದಲ್ಲ. ಆಳುಗಳ ಮುಖ ನೋಡಲಾಗದೆ ಸತ್ತವನ ತಮ್ಮ ಅವರನ್ನೆಲ್ಲ ಬೇರೆ ಬೇರೆ ಊರಿಗೆ ಮಾರಿಬಿಟ್ಟ. ಅಡುಗೆಯವನು ಎಲ್ಲಿಗೆ ಹೋದನೋ ರೊಟ್ಟಿಯಕ್ಕನಿಗೆ ಕೊನೆಗೂ ತಿಳಿಯಲಿಲ್ಲ. ಯಜಮಾನಿ ತನ್ನ ಜಡೆಯವಳನ್ನು ಮಾತ್ರ ಉಳಿಸಿಕೊಂಡಳು. ಆದರೆ ಆ ಬೆರಳುಗಳು ಕೂಡಿಕೊಂಡದ್ದು ಸೊಟ್ಟಗೆ, ಬಾಚಣಿಗೆ ಹಿಡಿಯಲು ಬರುತ್ತಿರಲಿಲ್ಲ. ಒಂದು ದಿನ ಯಜಮಾನಿ ಅವಳನ್ನು ಜೊತೆಗೆ ಕರೆದುಕೊಂಡು ಅಂಗಡಿಗೆ ಬಂದಳು. “ನೋಡೋಣ ನೋಡೋಣ ಅಂತಲೇ ಅವರು ಹೋಗ್ಬಿಟ್ರು. ಇವಳನ್ನ ಇಟ್ಕೋ. ಬಿಡುಗಡೆ ಮಾಡಿದೀನಿ” ಅಂದಳು.

ಅಷ್ಟು ವರ್ಷ ಕೇಳಿ ಕೇಳಿ ಸಿಗದ್ದು ಕೈ ಮುರಿದ ಮೇಲೆ ಸಿಕ್ಕಿತು. ರೊಟ್ಟಿಯಕ್ಕ ಉಪಕಾರವಾಯಿತು ಅನ್ನುವಂಥ ಮಾತೇನೂ ಆಡಲಿಲ್ಲ. ತಂಗಿಯ ಗಂಟನ್ನು ಇಸಿದುಕೊಂಡು ಒಳಗಿಟ್ಟಳು. ಆಮೇಲೆ ಭಟ್ಟಿಯ ಹಿಂದೆ ಹೋಗಿ, ಮೊದಲ ಬಾರಿಗೆ, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಇಷ್ಟಕ್ಕೆ ಅವಳು ಸುಮ್ಮನಾಗಬಹುದಿತ್ತು. ಆದರೆ ಬಾಗಿಲಜ್ಜನ ಲೆಕ್ಕ ಬಾಕಿ ಉಳಿದುಬಿಟ್ಟಿತ್ತು. ತೀರ್ಪಿಗೆ ಮೊದಲೇ ಸತ್ತವನಾದ್ದರಿಂದ ಬಿಡುಗಡೆಯಾದವರ ಜೊತೆ ಅವನನ್ನು ಯಾರೂ ಹೆಸರಿಸಿರಲಿಲ್ಲ. ಯಜಮಾನನನ್ನು ಕೊಂದ ಗುಲಾಮ ಬಂದೀಖಾನೆಯಲ್ಲಿ ಸತ್ತ ಅಂತಲೇ ಊರು ಮಾತಾಡುತ್ತಿತ್ತು. ರೊಟ್ಟಿಯಕ್ಕ ನ್ಯಾಯಸ್ಥಾನದ ಕಟ್ಟೆಗೆ ಹೋಗಿ ನಿಂತಳು. ಗುಮಾಸ್ತ, “ಸತ್ತೋನಿಗೆ ಇನ್ನು ತೀರ್ಪು ಯಾಕಮ್ಮ?” ಅಂದ. ಮರುದಿನ ಬೆಳಿಗ್ಗೆ ಮತ್ತೆ ನಿಂತಳು. ಬೆಳಗಿನ ರೊಟ್ಟಿ ಮಾರಿ ಮುಗಿಸಿ, ಅಂಗಡಿಯನ್ನು ತಂಗಿಗೆ ಒಪ್ಪಿಸಿ, ಹೋಗಿ ನಿಲ್ಲುವುದೇ ಅವಳ ಕೆಲಸವಾಯಿತು. ಬೇಸಿಗೆ ಕಳೆಯಿತು, ಚಳಿ ಬಂತು. ಬರುವವರು ಹೋಗುವವರು ಕಟ್ಟೆಯ ಕಂಬಗಳ ಲೆಕ್ಕದಲ್ಲಿ ಅವಳನ್ನೂ ಸೇರಿಸಿಬಿಟ್ಟರು.

ಕೊನೆಗೆ ಒಂದು ಬೆಳಿಗ್ಗೆ ನ್ಯಾಯಾಧಿಕಾರಿಯೇ ಪಲ್ಲಕ್ಕಿಯ ಪರದೆ ಸರಿಸಿದ.

“ಏನು ಬೇಕು ನಿನಗೆ? ತಂಗಿ ಬಂದಾಯ್ತಲ್ಲ.”

“ಆ ಮುದುಕ ಕೊಲೆಗಾರ ಅಲ್ಲ ಅಂತ ಡಂಗುರ ಹೊಡೆಸಬೇಕು ಸ್ವಾಮಿ. ನಾಲ್ಕು ಬೀದಿ ಕೂಡೋ ಕಡೆ, ಎಲ್ಲರಿಗೂ ಕೇಳೋ ಹಾಗೆ.”

“ಅವನು ನಿನಗೇನಾಗಬೇಕು?”

“ಏನೂ ಆಗಬೇಕಿಲ್ಲ. ಸುಳ್ಳು ಹೆಸರು ಹೇಳಿದ್ರೆ ಅವನು ಬದುಕ್ತಿದ್ದ. ಹೇಳಲಿಲ್ಲ.”

ನ್ಯಾಯಾಧಿಕಾರಿಯ ಅಪ್ಪಣೆಯಿಂದಲೇ ಆ ಮುದುಕನನ್ನು ಹೊಡೆದಿದ್ದರು, ಅದು ಇಬ್ಬರಿಗೂ ಗೊತ್ತಿತ್ತು. ಪರದೆ ಮುಚ್ಚಿತು. ಒಳಗಿನಿಂದ, “ಆಗಲಿ” ಅನ್ನುವ ಮಾತು ಬಂತು.

ಡಂಗುರದವನು ಬಂದದ್ದು ಸಂತೆಯ ದಿನ, ತೊಟ್ಟಿಯ ಸುತ್ತ ಜನ ನೆರೆದಿದ್ದಾಗ. ಕಲ್ಲುವ್ಯಾಪಾರಿಯ ಮನೆಯ ಬಾಗಿಲು ಕಾಯುತ್ತಿದ್ದವನು ನಿರಪರಾಧಿ, ನಿಜ ಹೇಳಿ ಸತ್ತವನು ಅಂತ ಮೂರು ಸಲ ಸಾರಿದ. ನೀರು ಹೊರುವವನು ಕೊಡ ಕೆಳಗಿಟ್ಟು ಕೇಳಿದ. ಮೇಲಿನ ಕಿಟಕಿಯಲ್ಲಿ ನೇಕಾರಳು ಲಾಳಿ ಹಿಡಿದು ನಿಂತಿದ್ದಳು. ರೊಟ್ಟಿಯಕ್ಕ ಅಂಗಡಿಯ ಕಟ್ಟೆಯ ಹಿಂದೆ ಕೈಕಟ್ಟಿ ನಿಂತು ಪೂರ್ತಿ ಕೇಳಿದಳು. ಅವನು ಮುಗಿಸಿದ ಮೇಲೆ ಹತ್ತಿರ ಕರೆದು ಬಿಸಿ ರೊಟ್ಟಿಯೊಂದನ್ನು ಕೈಗಿಟ್ಟಳು.

“ಮೇಲಿನ ಬೀದೀಲೂ ಒಂದು ಸಲ ಹೇಳಿಬಿಡಪ್ಪ,” ಅಂದಳು. “ಅಲ್ಲಿ ಕೇಳಿಸಿರಲಿಕ್ಕಿಲ್ಲ.”